ಹಟ್ಟಿ ಪ್ರಶ್ನೆ: ಹೊಟ್ಟೆ ಹುಳಿಯಾದ ದನ, ಫ್ಯಾಟ್ ಬಾರದ ಹಾಲು

ಮಳೆ ಹಿಡಿದ ಮೇಲೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ "ಫ್ಯಾಟ್ ಬರುದಿಲ್ಲ ಡಾಕ್ಟ್ರೇ" ಅಂತಲೇ ಇರ್ತದೆ. ಈ ಸಲ ಅದರ ಜೊತೆ ಹೊಟ್ಟೆ ಹುಳಿಯ ಪ್ರಶ್ನೆಗಳೂ ಸುಮಾರು ಬಂದಿವೆ, ಎರಡೂ ಅಕ್ಕ ತಂಗಿ ಇದ್ದ ಹಾಗೆ, ಹಾಗಾಗಿ ಒಟ್ಟಿಗೇ ತಗೊಂಡಿದ್ದೇನೆ. ಊರಿನ ಹೆಸರು ಮಾತ್ರ ಹಾಕಿದ್ದು, ದನ ನಿಮ್ಮದು ಅಂತ ನಿಮಗೇ ಗೊತ್ತಾಗ್ತದೆ.

ಪ್ರಶ್ನೆ: ನಮ್ಮದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್) ಕ್ರಾಸ್, ಮೂರನೇ ಕರು ಹಾಕಿ ಎರಡು ತಿಂಗಳು ಆಯ್ತು, ದಿನಕ್ಕೆ 14 ಲೀಟರ್ ಕೊಡ್ತದೆ. ಸೊಸೈಟಿಯಲ್ಲಿ ಫ್ಯಾಟ್ 3.9 ಬರ್ತಿದ್ದದ್ದು ಈಗ 3.0, ಒಂದೊಂದು ದಿನ 2.8. ಸೆಗಣಿ ಸಡಿಲ. ಒಂದು ದಿನ ಗಬಗಬ ತಿಂತದೆ, ಮರುದಿನ ಮೂಸಿ ಬಿಡ್ತದೆ. ಬೆಳಿಗ್ಗೆ 4 ಕೆಜಿ ಸಂಜೆ 4 ಕೆಜಿ ಪಶು ಆಹಾರ ಹಾಕ್ತೇವೆ, ಮತ್ತೆ ಮನೆಯಲ್ಲಿ ಉಳಿದ ಕುಚ್ಚಲಕ್ಕಿ ಅನ್ನ, ಗಂಜಿ, ಅಕ್ಕಿ ತೊಳೆದ ಅಕ್ಕಚ್ಚು. ಹೊಟ್ಟೆ ಹುಳಿ ಆಗಿದೆ ಅಂತ ಆಚೆಮನೆಯವರು ಹೇಳ್ತಾರೆ. ಒಳಗಿನ ಹುಳಿ ಹೊರಗಿಂದ ತಿಳ್ಕೊಳ್ಳುದು ಹೇಗೆ?
(ಬ್ರಹ್ಮಾವರ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ಮಾರಾಯ್ರೆ. ಪಶು ಆಹಾರ ಎಷ್ಟು ಕೆಜಿ ಅಂತ ಉಂಟು, ಅನ್ನ ಉಂಟು, ಅಕ್ಕಚ್ಚು ಸಹ ಉಂಟು, ಆದ್ರೆ ಹುಲ್ಲಿನ ಸುದ್ದಿಯೇ ಇಲ್ಲ. ಬೈಹುಲ್ಲು ಎಷ್ಟು, ಹಸಿ ಹುಲ್ಲು ಎಷ್ಟು, ಯಾವ ಹೊತ್ತಿಗೆ ಹಾಕುದು ಅಂತ ಒಂದು ಸಾಲು ಇಲ್ಲ. ಬರೆಯುವವರೆಲ್ಲ ಹಾಗೆಯೇ, ದುಡ್ಡು ಕೊಟ್ಟು ತಂದ ಚೀಲದ ಲೆಕ್ಕ ನೆನಪಿರ್ತದೆ, ಹುಲ್ಲಿನದ್ದು ಇರುದಿಲ್ಲ. ನಿಮ್ಮ ದನದ ಕಥೆಯೆಲ್ಲ ಆ ಬರೆಯದೆ ಬಿಟ್ಟ ಸಾಲಲ್ಲೇ ಉಂಟು ಅಂತ ನನಗೆ ಕಾಣ್ತದೆ.

ನಮ್ಮ ಹೊಟ್ಟೆ ತಾನೇ ಆಸಿಡ್ ಬಿಡ್ತದೆ, ದನದ ನಾಲ್ಕನೇ ಹೊಟ್ಟೆಯೂ ಹಾಗೆಯೇ. ಮೊದಲಿನ ದೊಡ್ಡ ಹೊಟ್ಟೆ, ರೂಮೆನ್ ಅಂತ ಹೇಳ್ತೇವಲ್ಲ, ಅದು ಬೇರೆ. ದೊಡ್ಡ ದನದಲ್ಲಿ ನೂರು ಲೀಟರ್ ಮೇಲೆ ಹಿಡಿಯುವ ಹಂಡೆ ಅದು, ಒಳಗೆ ಸುಮಾರು 39 ಡಿಗ್ರಿ ಬಿಸಿ, ತುಂಬ ಸೂಕ್ಷ್ಮಾಣು. ನೀವು ರಾತ್ರಿ ದೋಸೆ ಹಿಟ್ಟು ಕಡೆದು ಇಡ್ತೀರಲ್ಲ, ಅದರ ಹಾಗೆಯೇ ಅಲ್ಲಿ ತಿಂದದ್ದೆಲ್ಲ ಹುದುಗ್ತದೆ, ಹುದುಗಿದಾಗ ಆಸಿಡ್ ಬರ್ತದೆ. ಆ ಆಸಿಡೇ ದನಕ್ಕೆ ಊಟ, ಅದಕ್ಕೆ ಸಿಗುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಅದರಿಂದಲೇ ಬರುದು. ಅಂದ್ರೆ ಹುಳಿ ಇರಬಾರದು ಅಂತ ಅಲ್ಲ, ಇರಲೇಬೇಕು. ಬಂದ ಹುಳಿ ರಕ್ತಕ್ಕೆ ಇಳಿಯುವಷ್ಟು ಹೊತ್ತು ಸಿಗಬೇಕು, ಉಳಿದದ್ದನ್ನು ತಡೆದು ಹಿಡಿಯಲಿಕ್ಕೆ ಎಂಜಲು ಬೇಕು. ದನದ ಎಂಜಲಲ್ಲಿ ಸೋಡಾ ಇರ್ತದೆ ಆಯ್ತಾ, ಅಡುಗೆ ಸೋಡಾದ ಜಾತಿಯದ್ದೇ. ಚೆನ್ನಾಗಿ ಹುಲ್ಲು ತಿನ್ನುವ ದೊಡ್ಡ ದನ ದಿನಕ್ಕೆ 100 ರಿಂದ 150 ಲೀಟರ್ ಎಂಜಲು ನುಂಗ್ತದೆ. ಅಗಿದಷ್ಟು ಎಂಜಲು. ಪಶು ಆಹಾರವನ್ನೂ ಅನ್ನವನ್ನೂ ಅದು ಅಗಿಯುದೇ ಇಲ್ಲ, ಸುರ್ರಂತ ಎಳ್ಕೊಳ್ತದೆ ಅಷ್ಟೆ.

ಪಿಎಚ್ ಲೆಕ್ಕದಲ್ಲಿ ಹೇಳುದಾದ್ರೆ ರೂಮೆನ್ 6 ರಿಂದ 7 ರ ಒಳಗೆ ಇದ್ರೆ ಸುಖ. ನಂಬರ್ ಕಮ್ಮಿ ಆದಷ್ಟು ಹುಳಿ ಜಾಸ್ತಿ, ಇದು ನೆನಪಿರಲಿ. ಪಶು ಆಹಾರ ತಿಂದ ಎರಡು ಮೂರು ಗಂಟೆಗೆ ಇಳೀತದೆ, ಮತ್ತೆ ಮೆಲುಕು ಹಾಕಿದ ಹಾಗೆ ಮೇಲೆ ಬರ್ತದೆ, ಅದು ಮಾಮೂಲಿ. ದಿನದಲ್ಲಿ ಮೂರು ಗಂಟೆಗಿಂತ ಜಾಸ್ತಿ 5.6 ರ ಕೆಳಗೇ ಕೂತ್ರೆ ಅದನ್ನು ಒಳಗೊಳಗಿನ ಅಸಿಡೋಸಿಸ್ ಅಂತ ಹೇಳುದು. ದನ ಏಳಲಾರದೆ ನೆಲ ಹಿಡಿಯುದಿಲ್ಲ, ಜ್ವರ ಇಲ್ಲ, ಹಾಲು ಸಹ ಅಷ್ಟೇ ಲೀಟರ್ ಇರಬಹುದು, ಆದ್ರೆ ನಾರು ಕರಗಿಸುವ ಸೂಕ್ಷ್ಮಾಣುಗಳಿಗೆ 6 ರ ಕೆಳಗೆ ಉಸಿರು ಕಟ್ತದೆ, ಹಾಲಿನ ಕೊಬ್ಬಿಗೆ ಬೇಕಾದ ಸರಕು ಅವು ಮಾಡುದು, ಅವು ಸುಮ್ಮನಾದ್ರೆ ಫ್ಯಾಟ್ ಬೀಳ್ತದೆ. ಒಂದು ದಿನ ತಿಂದು ಮರುದಿನ ಬಿಡುದು ಸಹ ಇದೇ ಕಥೆ. ಹುಳಿ ಆದಾಗ ದನ ತಾನೇ ಉಪವಾಸ ಹಿಡೀತದೆ, ಸರಿಯಾದ ಮೇಲೆ ಹಸಿವಲ್ಲಿ ಗಬಗಬ ತಿಂತದೆ, ಪುನಃ ಹುಳಿ.

ಇನ್ನು ಹೊರಗಿಂದ ನೋಡುದು. ಮಧ್ಯಾಹ್ನ ದನ ತಿಂದು ಮಲಗಿದ ಮೇಲೆ ಒಂದು ಸ್ಟೂಲ್ ತಗೊಂಡು ಹಟ್ಟಿಯಲ್ಲಿ ಕೂತ್ಕೊಳ್ಳಿ, ಮೊಬೈಲ್ ಮನೆಯಲ್ಲಿ ಬಿಡಿ. ಗಂಟಲಲ್ಲಿ ಒಂದು ಉಂಡೆ ಮೇಲೆ ಬರುದು ಕಾಣ್ತದೆ, ಅಲ್ಲಿಂದ ಅದನ್ನು ನುಂಗುವ ತನಕ ಎಷ್ಟು ಸಲ ಅಗೀತದೆ ಎಣಿಸಿ. ಐದಾರು ಉಂಡೆ ಎಣಿಸಿ ಸರಾಸರಿ ತೆಗೀರಿ. 50 ರಿಂದ 70 ಬಂದ್ರೆ ಹುಲ್ಲು ಸಾಕಾಗ್ತದೆ ಅಂತ ಲೆಕ್ಕ, 40 ಆಸುಪಾಸಲ್ಲೇ ನುಂಗಿದ್ರೆ ನಾರು ಕಮ್ಮಿ. ದಿನಕ್ಕೆ ಒಟ್ಟು ಏಳೆಂಟು ಗಂಟೆ ಮೆಲುಕು ಹಾಕುವ ಪ್ರಾಣಿ ಅದು, ನೀವು ನಾಲ್ಕು ಸಲ ಹಟ್ಟಿಗೆ ಹೋದಾಗ ನಾಲ್ಕು ಸಲವೂ ಬಾಯಿ ಸುಮ್ಮನೆ ಇದ್ರೆ ಎಂತದೋ ಸರಿ ಇಲ್ಲ. ನಮ್ಮಜ್ಜಿ ರಾತ್ರಿ ಚಿಮಣಿ ದೀಪ ಹಿಡ್ಕೊಂಡು ಹೋಗಿ ದನದ ಬಾಯಿ ಅಲ್ಲಾಡ್ತದಾ ಅಂತ ನೋಡಿಯೇ ಮಲಗುದು, ಯಾಕೆ ಅಂತ ನನಗೆ ಕಾಲೇಜಿಗೆ ಹೋದ ಮೇಲೆ ಗೊತ್ತಾದದ್ದು.

ಮತ್ತೆ ಸೆಗಣಿ. ಒಂದು ಹಳೆ ಜರಡಿಯಲ್ಲಿ ಎರಡು ಮುಷ್ಟಿ ಹಾಕಿ ನಳ್ಳಿ ನೀರಲ್ಲಿ ತೊಳೀರಿ, ಹಸಿರು ನೀರು ಹೋಗಿ ಉಳಿದದ್ದನ್ನು ಬಿಳಿ ಕಾಗದದ ಮೇಲೆ ಹರಡಿ. ಅರ್ಧ ಇಂಚಿಗಿಂತ ಉದ್ದದ ಹುಲ್ಲು ಚೂರು ತುಂಬ ಇದ್ರೆ, ಜೋಳದ ಕಾಳು ಹಾಗೆಯೇ ಬಂದಿದ್ರೆ, ಕರುಳಿನ ಲೋಳೆ ಪೊರೆ ಪೊರೆಯಾಗಿ ಸಿಕ್ಕಿದ್ರೆ, ಮೇಲೆ ಆಗಬೇಕಾದ ಕೆಲಸ ಮೇಲೆ ಆಗದೆ ಕೆಳಗೆ ಹೋಗಿ ಹುದುಗಿದೆ ಅಂತ ಅರ್ಥ. ಸೆಗಣಿಯಲ್ಲಿ ಗುಳ್ಳೆ ಬರುದು ಸಹ ಅದಕ್ಕೇ.

ಫ್ಯಾಟ್ ಚೀಟಿ ಮಾತ್ರ ನೋಡಿ ತೀರ್ಮಾನ ಮಾಡ್ಬೇಡಿ. ಕಡೆಯ ಹಾಲಲ್ಲಿ ಕೊಬ್ಬು ಜಾಸ್ತಿ ಇರುದು, ಅದನ್ನು ಕರುವಿಗೆ ಬಿಟ್ಟು ಮೊದಲಿನ ಹಾಲು ಡೈರಿಗೆ ಹಾಕಿದ್ರೆ ಫ್ಯಾಟ್ ಎಲ್ಲಿಂದ ಬರ್ಬೇಕು? ಕರು ಎಷ್ಟು ಕುಡೀತದೆ, ಯಾವಾಗ ಬಿಡ್ತೀರಿ ಅಂತ ಮೊದಲು ನೋಡಿ. ಅದರಲ್ಲಿ ಎಂತ ಬದಲಾಗದೆ 3.9 ಇದ್ದದ್ದು 2.8 ಕ್ಕೆ ಬಂದಿದ್ರೆ, ಸೆಗಣಿ ಸಹ ಸಡಿಲ ಇದ್ರೆ, ಆಚೆಮನೆಯವರು ಹೇಳಿದ್ದು ಸರಿ.

ಈಗ ಎಂತ ಮಾಡುದು. 14 ಲೀಟರ್ ದನಕ್ಕೆ ಲೀಟರಿಗೆ 400 ಗ್ರಾಂ ಲೆಕ್ಕ ಹಾಕಿ ಮೈಗೆ ಅಂತ ಎರಡು ಕೆಜಿ ಸೇರಿಸಿದ್ರೆ ಏಳೂವರೆ ಬರ್ತದೆ, ನಿಮ್ಮ 8 ಕೆಜಿ ಅಂತ ದೊಡ್ಡ ತಪ್ಪಲ್ಲ. ತಪ್ಪು ಎರಡೇ ಸಲಕ್ಕೆ ಸುರಿಯುದರಲ್ಲಿ. ಅದನ್ನೇ ನಾಲ್ಕು ಸಲ ಮಾಡಿ, ಸಲಕ್ಕೆ 2 ಕೆಜಿ ಸಾಕು. ಬೆಳಿಗ್ಗೆ ಹಾಲು ಕರೆಯುವ ಅರ್ಧ ಗಂಟೆ ಮೊದಲು ಬೈಹುಲ್ಲು, ಖಾಲಿ ಹೊಟ್ಟೆಗೆ ಮೊದಲು ಹುಲ್ಲೇ ಬೀಳಬೇಕು. ರಾತ್ರಿ ಗೋದಲಿ ಖಾಲಿ ಇಡ್ಬೇಡಿ. ಕುಚ್ಚಲಕ್ಕಿ ಅನ್ನ ಒಂದು ಸೇರು ಮೀರಬಾರದು, ಬೆಂದ ಪಿಷ್ಟ ಹಸಿ ಕಾಳಿಗಿಂತ ಬೇಗ ಹುದುಗ್ತದೆ. ಅಕ್ಕಚ್ಚು ಕೊಡಿ, ಅದರಿಂದ ಎಂತ ಆಗುದಿಲ್ಲ. ಇದನ್ನೆಲ್ಲ ಒಂದೇ ದಿನದಲ್ಲಿ ಬದಲಾಯಿಸ್ಬೇಡಿ, ವಾರ ಹತ್ತು ದಿನ ತಗೊಳ್ಳಿ. ಮೆಲುಕು ನಾಲ್ಕೈದು ದಿನದಲ್ಲೇ ಜಾಸ್ತಿ ಆಗ್ತದೆ, ಫ್ಯಾಟ್ ಮೇಲೆ ಬರ್ಲಿಕ್ಕೆ ಎರಡು ಮೂರು ವಾರ ಬೇಕು, ಅಷ್ಟರೊಳಗೆ ಡೈರಿಯವರ ಹತ್ರ ಜಗಳ ಮಾಡಿ ಪ್ರಯೋಜನ ಇಲ್ಲ.

ಪ್ರಶ್ನೆ: ಊರಲ್ಲಿ 22 ದನದ ಡೈರಿ ಮಾಡಿದ್ದೇನೆ ಸರ್. ದನ ನುಂಗುವ ಪಿಎಚ್ ಸೆನ್ಸರ್ ಬಂದಿದೆಯಂತೆ, ಮೊಬೈಲಲ್ಲೇ ನೋಡ್ಬಹುದಂತೆ. ಹಾಕಿಸ್ಬಹುದಾ? ಇಲ್ಲ ಅಂದ್ರೆ ನೀವು ಡಾಕ್ಟ್ರುಗಳು ಪೈಪ್ ಹಾಕಿ ತೆಗೀತೀರಲ್ಲ, ಅದು ಸಾಕಾ?
(ಸುರತ್ಕಲ್)

ಉತ್ತರ: ಪೈಪಿನ ಕಥೆ ಮೊದಲು ಹೇಳ್ತೇನೆ. ಕೆಲಸಕ್ಕೆ ಸೇರಿದ ಹೊಸತು, ಒಂದು ಜೆರ್ಸಿ ಕ್ರಾಸ್ ದನ, ಮೂರು ದಿನದಿಂದ ಸೆಗಣಿ ನೀರು, ಹತ್ರ ಹೋದ್ರೆ ಹುಳಿ ವಾಸನೆ. ನಾನು ಗತ್ತಲ್ಲಿ ಬಾಯಿಂದ ಪೈಪ್ ಇಳಿಸಿ ನೀರು ತೆಗೆದು ಪಿಎಚ್ ಪಟ್ಟಿ ಅದ್ದಿದೆ, 7 ತೋರಿಸ್ತು. "ಹುಳಿ ಇಲ್ಲ, ಹುಳದ ಮದ್ದು ಕೊಡಿ" ಅಂತ ಹೇಳಿ ಬೈಕ್ ಹತ್ತಿದೆ. ಎರಡು ದಿನ ಕಳೆದು ಹಿರಿಯ ಡಾಕ್ಟ್ರು ಹೋಗಿ ನೋಡಿ ನನಗೆ ಫೋನಲ್ಲಿ ಹೇಳಿದ್ದು ಒಂದೇ ಮಾತು, ನೀನು ಅಳೆದದ್ದು ಎಂಜಲು ಮಾರಾಯ. ಪೈಪಲ್ಲಿ ಮೊದಲು ಬರುವ ಇನ್ನೂರು ಎಂಎಲ್ ಎಲ್ಲ ಚೆಲ್ಲಬೇಕು, ಎಂಜಲು ಸೇರಿದ್ರೆ ನಂಬರ್ ಮೇಲೆ ಹೋಗ್ತದೆ. ಆ ದನ ಹೇಗೋ ಉಳೀತು, ಆದ್ರೆ ಆ ಮನೆಯ ದಾರಿಯಲ್ಲಿ ಹೋಗುವಾಗ ನನಗೆ ಈಗಲೂ ತಲೆ ಎತ್ತಲಿಕ್ಕೆ ಆಗುದಿಲ್ಲ.

ಪೈಪಿಗಿಂತ ನಂಬಿಕೆಯದ್ದು ಸೂಜಿ. ಎಡಗಡೆ ಹೊಟ್ಟೆಯ ಕೆಳಭಾಗದಲ್ಲಿ ಕೂದಲು ತೆಗೆದು ಕ್ಲೀನ್ ಮಾಡಿ ಉದ್ದ ಸೂಜಿಯಿಂದ ನೇರ ರೂಮೆನ್ ನೀರು ಎಳೆಯುದು. ಡಾಕ್ಟ್ರು ಮಾತ್ರ ಮಾಡುವ ಕೆಲಸ, ಯೂಟ್ಯೂಬ್ ನೋಡಿ ಕೈ ಹಾಕ್ಬೇಡಿ, ಒಳಗೆ ಕೀವಾದ್ರೆ ದನ ಹೋಗ್ತದೆ. ಪಶು ಆಹಾರ ಕೊಟ್ಟು ಎರಡರಿಂದ ನಾಲ್ಕು ಗಂಟೆ ಒಳಗೆ ತೆಗೀಬೇಕು, ಯಾಕಂದ್ರೆ ಹುಳಿ ಏರುದು ಆ ಹೊತ್ತಿಗೆ. ದೊಡ್ಡ ಡೈರಿಯಲ್ಲಿ 12 ದನದ್ದು ತೆಗೆದು ಮೂರು ಅಥವಾ ಜಾಸ್ತಿ ದನ 5.5 ಕ್ಕೆ ಇಳಿದಿದ್ರೆ ಇಡೀ ಹಟ್ಟಿಯ ಮೇವೇ ಸರಿ ಇಲ್ಲ ಅಂತ ತೀರ್ಮಾನ ಮಾಡುದು. ನಿಮ್ಮ 22 ರಲ್ಲಿ ಹಾಲಿರುವ 12 ಸಿಗಬಹುದು.

ಆದ್ರೆ ಸೂಜಿ ಸಹ ಒಂದು ಹೊತ್ತಿನ ನಂಬರ್ ಅಷ್ಟೇ ಕೊಡುದು. ಮಲ್ಪೆಗೆ ಒಂದು ಸಲ ಹೋಗಿ ನೀರು ಎಲ್ಲಿವರೆಗೆ ಬಂದಿದೆ ಅಂತ ನೋಡಿದ್ರೆ ಭರತ ಎಷ್ಟು ಇಳಿತ ಎಷ್ಟು ಅಂತ ಗೊತ್ತಾಗ್ತದಾ? ನಮಗೆ ಬೇಕಾದ್ದು ದಿನದಲ್ಲಿ ಎಷ್ಟು ಹೊತ್ತು ಕೆಳಗೆ ಇತ್ತು ಅಂತ. ಸೆನ್ಸರ್ ಉಪಯೋಗಕ್ಕೆ ಬರುದು ಅಲ್ಲಿ. ಗುಳಿಗೆ ಹಾಗೆ ಉದ್ದ ಇರ್ತದೆ, ಬಾಯಿಂದ ಗನ್ ಹಾಕಿ ನುಂಗಿಸುದು, ಭಾರಕ್ಕೆ ಹೋಗಿ ಎರಡನೇ ಹೊಟ್ಟೆಯಲ್ಲಿ, ಆ ಜೇನುಗೂಡಿನ ಹಾಗೆ ಗೋಡೆ ಇರ್ತದಲ್ಲ, ಅಲ್ಲಿ ಕೂತ್ಕೊಳ್ತದೆ. ಕೆಲವು ನಿಮಿಷಕ್ಕೊಮ್ಮೆ ಪಿಎಚ್, ಬಿಸಿ ಎರಡನ್ನೂ ಹೊರಗಿನ ಡಬ್ಬಿಗೆ ಕಳಿಸ್ತದೆ. ಆಸ್ಟ್ರಿಯಾದ ಸ್ಮಾಕ್ಸ್‌ಟೆಕ್ ಅಂತ ಕಂಪನಿ ಇಂಥದ್ದು ಮಾಡ್ತದೆ. ನಾನು ನೋಡಿದ ಗ್ರಾಫಲ್ಲಿ ಪಶು ಆಹಾರ ಕೊಟ್ಟ ಹೊತ್ತು ಬರೆದಿಡದಿದ್ರೂ ಕಾಣ್ತಿತ್ತು, ಬೆಳಿಗ್ಗೆ ಒಂದು ಹೊಂಡ ಸಂಜೆ ಒಂದು ಹೊಂಡ. ಹಾಲಿನ ಹುಡುಗ ತಡ ಮಾಡಿ ಬಂದ ದಿನ ಹೊಂಡ ಆಳ, ಹಸಿದ ದನ ಒಂದೇ ಉಸಿರಿಗೆ ತಿಂದದ್ದಕ್ಕೆ.

ತೊಂದರೆಗಳೂ ಉಂಟು. ಪಿಎಚ್ ಅಳೆಯುವ ಭಾಗ ಕೆಲವು ತಿಂಗಳಲ್ಲಿ ಸವೀತದೆ, ನಂಬರ್ ನಿಧಾನಕ್ಕೆ ತಪ್ಪಲಿಕ್ಕೆ ಶುರು ಆಗ್ತದೆ, ಹೊರಗೆ ತೆಗೆದು ಸರಿ ಮಾಡ್ಲಿಕ್ಕೆ ಆಗುದಿಲ್ಲ. ಎರಡನೇ ಹೊಟ್ಟೆಯಲ್ಲಿ ಎಂಜಲು ನೇರ ಬೀಳುದ್ರಿಂದ ರೂಮೆನ್ ತಳಕ್ಕಿಂತ ನಂಬರ್ ಸ್ವಲ್ಪ ಮೇಲೆ ಇರ್ತದೆ. ಹಾಗಾಗಿ 5.6 ಅಂತ ಗೆರೆ ಹಿಡಿದು ಕೂರ್ಬೇಡಿ, ಅದೇ ದನದ ನಿನ್ನೆ ಮೊನ್ನೆಯದ್ದಕ್ಕೆ ಇವತ್ತಿನದ್ದು ಹೋಲಿಸಿ. 22 ಕ್ಕೂ ಹಾಕ್ಬೇಡಿ. ಹೊಸತು ಕರು ಹಾಕಿದ ಎರಡು, ಜಾಸ್ತಿ ಹಾಲಿನ ಎರಡು, ಅಷ್ಟಕ್ಕೆ ಹಾಕಿ ನೋಡಿ. ಕರು ಹಾಕಿದ ದನದ ರೂಮೆನ್ ಗೋಡೆ ಆಸಿಡ್ ಹೀರುವ ಶಕ್ತಿ ಪೂರ್ತಿ ಬರ್ಲಿಕ್ಕೆ ನಾಲ್ಕರಿಂದ ಆರು ವಾರ ಹಿಡೀತದೆ, ನಾವು ಹಾಲು ಬಂತು ಅಂತ ಮೂರನೇ ದಿನಕ್ಕೇ ಚೀಲ ಬಿಚ್ಚುದು. ಒಂದೇ ಮೇವು ತಿನ್ನುವ ಎರಡು ದನದಲ್ಲಿ ಒಂದಕ್ಕೆ ಹುಳಿ ಆಗ್ತದೆ ಇನ್ನೊಂದಕ್ಕೆ ಆಗುದಿಲ್ಲ, ಇದು ಗ್ರಾಫ್ ನೋಡಿದ್ರೆ ತಿಳಿಯುದು. ನನ್ನನ್ನು ಕೇಳಿದ್ರೆ ಆ ದುಡ್ಡಲ್ಲಿ ಮೊದಲು ಮಳೆಗಾಲಕ್ಕೆ ಬೈಹುಲ್ಲು ತುಂಬಿಸುವ ಶೆಡ್ ಮಾಡಿ, ಘಟ್ಟದ ಮೇಲಿಂದ ಲಾರಿಯಲ್ಲಿ ಬಂದ ಹುಲ್ಲು ಜುಲೈಯಲ್ಲಿ ಬೂಸ್ಟು ಹಿಡಿದ್ರೆ ಸೆನ್ಸರ್ ಎಂತ ಮಾಡ್ತದೆ?

ಪ್ರಶ್ನೆ: ಸೋಡಾ ಪುಡಿ ದಿನಾ ಹಾಕ್ಬಹುದಾ? ಎಷ್ಟು?
(ಕಾರ್ಕಳ)

ಉತ್ತರ: ಹಾಕ್ಬಹುದು ಅಕ್ಕ. ಹಾಲಿನ ದನಕ್ಕೆ ದಿನಕ್ಕೆ 100 ರಿಂದ 150 ಗ್ರಾಂ, ಪಶು ಆಹಾರದಲ್ಲಿ ಬೆರೆಸಿ ಎರಡು ಮೂರು ಸಲಕ್ಕೆ ಹಂಚಿ. ಅಡುಗೆ ಸೋಡಾ ಆಯ್ತಾ, ಬಟ್ಟೆ ಒಗೆಯುವ ಸೋಡಾ ಅಲ್ಲ. ಕರು ಹಾಕ್ಲಿಕ್ಕೆ ಮೂರು ವಾರ ಇರುವ ದನಕ್ಕೆ ಮಾತ್ರ ಕೊಡ್ಲೇಬೇಡಿ, ಹಾಲುಜ್ವರ (ಕರು ಹಾಕಿದಾಗ ರಕ್ತದಲ್ಲಿ ಸುಣ್ಣದಂಶ ಇಳಿದು ದನ ಬೀಳುದು) ಬರುವ ಸಾಧ್ಯತೆ ಜಾಸ್ತಿ ಆಗ್ತದೆ. ಏಪ್ರಿಲ್ ಮೇ ಸೆಖೆಯಲ್ಲಿ ಸೋಡಾ ಒಳ್ಳೆದು, ನಮ್ಮ ಕರಾವಳಿಯ ಬೆವರು ಸೆಖೆಗೆ ದನ ಬಾಯಿ ತೆರೆದು ಏದುಸಿರು ಬಿಟ್ಟು ಜೊಲ್ಲು ಸುರಿಸ್ತದೆ, ಆ ಜೊಲ್ಲಲ್ಲಿ ಹೋಗುದು ಹೊಟ್ಟೆಗೆ ಸೇರಬೇಕಾದ ಸೋಡಾವೇ. ಆದ್ರೆ ಹುಲ್ಲು ಹಾಕದೆ ಬರೀ ಸೋಡಾ ಹಾಕಿದ್ರೆ ಅದು ತೂತಾದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ.

ಪ್ರಶ್ನೆ: ಮೇ ತಿಂಗಳಲ್ಲಿ ನಮ್ಮ ಮನೆ ಮದುವೆ ಆಯ್ತು. ಮರುದಿನ ಉಳಿದ ಅನ್ನ, ಪಾಯಸ, ಅಡುಗೆಗೆ ಬಿಡಿಸಿದ ಹಲಸಿನ ಸಿಪ್ಪೆ ರೆಚ್ಚೆ ಎಲ್ಲಾ ಹಾಳಾಗುದು ಬೇಡ ಅಂತ ದನಕ್ಕೆ ಹಾಕಿದೆವು. ಅದರ ಮರುದಿನ ಬೆಳಿಗ್ಗೆ ಎದ್ದು ನಿಲ್ಲಲಿಲ್ಲ, ಹೊಟ್ಟೆ ಉಬ್ಬರ, ನೀರಿನ ಹಾಗೆ ಬೇಧಿ, ಸಂಜೆಗೆ ಹೋಯ್ತು. ಅಮ್ಮ ಇವತ್ತಿಗೂ ಅಳ್ತಾರೆ. ವಿಷ ಆದದ್ದಾ?
(ಮೂಡುಬಿದಿರೆ)

ಉತ್ತರ: ವಿಷ ಅಲ್ಲ. ಅಮ್ಮನಿಗೆ ಓದಿ ಹೇಳಿ, ಅವರು ಹಾಕಿದ್ದು ಪ್ರೀತಿಯಿಂದ, ಊಟಕ್ಕೆ ಮೊದಲು ಗೋಗ್ರಾಸ ತೆಗೆದಿಡುವ ಮನೆಯವರೇ ಹೀಗೆ ಮಾಡಿ ದನ ಕಳ್ಕೊಂಡದ್ದು ನಾನು ತುಂಬ ನೋಡಿದ್ದೇನೆ. ಮದುವೆ, ನೇಮ, ದೇವಸ್ಥಾನದ ಸಂತರ್ಪಣೆ, ಹಲಸಿನ ಸೀಸನ್, ಈ ನಾಲ್ಕರ ಮರುದಿನ ನಮಗೆ ಫೋನ್ ಬರುದು ಜಾಸ್ತಿ.

ಆದದ್ದು ಇಷ್ಟು. ಬೆಂದ ಅನ್ನ, ಬೆಲ್ಲ, ಹಣ್ಣಿನ ಸಿಹಿ ಒಮ್ಮೆಲೇ ಬಿದ್ದಾಗ ರೂಮೆನಲ್ಲಿ ಬೇರೆ ಒಂದು ಜಾತಿಯ ಸೂಕ್ಷ್ಮಾಣು ತಲೆ ಎತ್ತಿ ಲ್ಯಾಕ್ಟಿಕ್ ಆಸಿಡ್ ಮಾಡ್ತದೆ. ಅದು ದಿನಾ ಬರುವ ಆಸಿಡಿಗಿಂತ ಹತ್ತು ಪಟ್ಟು ಗಟ್ಟಿ. ಪಿಎಚ್ 5 ರ ಕೆಳಗೆ ಹೋದ ಮೇಲೆ ಉಳಿದವೆಲ್ಲ ಸತ್ತು ಆ ಜಾತಿಯದ್ದೇ ದರ್ಬಾರು. ಹುಳಿ ಗಟ್ಟಿಯಾದಷ್ಟು ರಕ್ತದಲ್ಲಿದ್ದ ನೀರು ಹೊಟ್ಟೆಗೆ ಇಳೀತದೆ, ಎಡಗಡೆ ಪಕ್ಕೆಯ ಹಿಂದೆ ಮುಷ್ಟಿಯಲ್ಲಿ ಒತ್ತಿ ಅಲ್ಲಾಡಿಸಿದ್ರೆ ಅರ್ಧ ತುಂಬಿದ ಕೊಡದ ಹಾಗೆ ಗುಳುಗುಳು ಕೇಳ್ತದೆ, ಕಣ್ಣು ಗುಳಿ ಬೀಳ್ತದೆ, ಕುಡಿದವರ ಹಾಗೆ ತೂರಾಡ್ತದೆ. ತಿಂದ 12 ರಿಂದ 36 ಗಂಟೆ ಒಳಗೆ ಇದೆಲ್ಲ ಕಾಣುದು. ರೆಚ್ಚೆ ಒಂದು ಬುಟ್ಟಿ ದಿನಾ ತಿಂದು ಅಭ್ಯಾಸ ಇರುವ ದನಕ್ಕೆ ಎಂತ ಆಗುದಿಲ್ಲ, ಅಭ್ಯಾಸ ಇಲ್ಲದ್ದಕ್ಕೆ ಅಷ್ಟೇ ಕಷ್ಟ ಕೊಡ್ತದೆ, ವ್ಯತ್ಯಾಸ ಅದು.

ಇನ್ನೊಮ್ಮೆ ದನ ಹಗ್ಗ ಬಿಚ್ಕೊಂಡು ಅಕ್ಕಿ ಚೀಲಕ್ಕೋ ಅನ್ನದ ಉರುಳಿಗೋ ಬಾಯಿ ಹಾಕಿದ್ದು ಕಂಡ್ರೆ ಲಕ್ಷಣ ಬರಲಿ ಅಂತ ಕಾಯ್ಬೇಡಿ, ಆಗಲೇ ಡಾಕ್ಟ್ರಿಗೆ ಅಥವಾ ಪಶು ಆಂಬುಲೆನ್ಸಿನ 1962 ನಂಬರಿಗೆ ಫೋನ್ ಮಾಡಿ, ಎಷ್ಟು ತಿಂತು ಎಷ್ಟು ಗಂಟೆಗೆ ತಿಂತು ಎರಡನ್ನೂ ಹೇಳಿ. ಮುಂದೆ ಬೈಹುಲ್ಲು ಮಾತ್ರ ಇಡಿ, ನಿಧಾನ ನಡೆಸಿ, ಬಕೆಟ್‌ಗಟ್ಟಲೆ ನೀರು ಒಮ್ಮೆಲೇ ಇಡ್ಬೇಡಿ. ಬಾಯಿಗೆ ಬಾಟ್ಲಿಯಿಂದ ಎಣ್ಣೆ, ಕಾಳುಮೆಣಸಿನ ಕಷಾಯ, ಗಂಗಸರ (ಸಾರಾಯಿ) ಸುರಿಯುವವರು ಇದ್ದಾರೆ, ಬೇಡ, ಬಲಹೀನ ದನ ಅದನ್ನು ಶ್ವಾಸಕ್ಕೆ ಎಳ್ಕೊಂಡು ನ್ಯುಮೋನಿಯಾದಲ್ಲಿ ಹೋಗ್ತದೆ. ಬೇಗ ಸಿಕ್ಕಿದ್ರೆ ಡ್ರಿಪ್ಪು, ಆಸಿಡ್ ತಗ್ಗಿಸುವ ಮದ್ದು, ಜಾಸ್ತಿಯಾದ್ರೆ ಹೊಟ್ಟೆ ಕೊಯ್ದು ಖಾಲಿ ಮಾಡಿ, ಚೆನ್ನಾಗಿರುವ ದನದ ರೂಮೆನ್ ನೀರು ತಂದು ಹಾಕುದು ಸಹ ಉಂಟು. ಬದುಕಿ ಉಳಿದವು ತಿಂಗಳು ಕಳೆದು ಕುಂಟ್ಲಿಕ್ಕೆ ಶುರು ಮಾಡಿದ್ರೆ ಗೊರಸು ನೋಡಿಸಿ, ಅದು ಸಹ ಈ ಹುಳಿಯದ್ದೇ ಬಾಕಿ.

ಪ್ರಶ್ನೆ: ಮೂತ್ರಕ್ಕೆ ಪಿಎಚ್ ಪಟ್ಟಿ ಅದ್ದಿ ನೋಡಿದ್ರೆ ಹೊಟ್ಟೆಯ ಹುಳಿ ಗೊತ್ತಾಗುದಿಲ್ವಾ? ಪಟ್ಟಿ ಅಗ್ಗ.
(ಕಾಪು)

ಉತ್ತರ: ಅಗ್ಗ ಹೌದು. ಹುಲ್ಲು ತಿನ್ನುವ ದನದ ಮೂತ್ರ 8 ರ ಹತ್ರ ಇರ್ತದೆ, ಜೋರು ಅಸಿಡೋಸಿಸ್ ಆದ್ರೆ ಕೆಳಗೆ ಬರ್ತದೆ. ಆದ್ರೆ ಅದು ತೋರಿಸುದು ರಕ್ತದ ಸ್ಥಿತಿ, ತಿಂದ ಲವಣದ ಮೇಲೂ ಹೋಗ್ತದೆ. ಒಳಗೊಳಗಿನ ಹುಳಿ ಅದರಲ್ಲಿ ಕಾಣುದೇ ಇಲ್ಲ ಅಂತ ಇಟ್ಕೊಳ್ಳಿ.

ಪ್ರಶ್ನೆ: ಬೈಹುಲ್ಲಿಗೆ ರೇಟು ಜಾಸ್ತಿ. ತೋಟದ ಅಡಿಕೆ ಹಾಳೆ ಮೆಷಿನಲ್ಲಿ ಪುಡಿ ಮಾಡಿ ಹಾಕ್ತಿದ್ದೇವೆ, ಆದ್ರೂ ಸೆಗಣಿ ಸಡಿಲ. ಹಾಳೆಯಲ್ಲಿ ನಾರು ಇಲ್ವಾ?
(ಹೆಬ್ರಿ)

ಉತ್ತರ: ನಾರು ಧಾರಾಳ ಉಂಟು, ಬೈಹುಲ್ಲಿನ ಬದಲಿಗೆ ನಡೀತದೆ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ವರ್ಷಗಟ್ಟಲೆ ಹಾಕ್ತಾರೆ. ನಿಮ್ಮ ತೊಂದರೆ ಪುಡಿಯಲ್ಲಿ ಉಂಟು. ನಾರು ಎಷ್ಟಿದ್ರೂ ಹಿಟ್ಟಿನ ಹಾಗೆ ಮಾಡಿದ್ರೆ ದನಕ್ಕೆ ಅಗಿಯಲಿಕ್ಕೆ ಎಂತ ಉಳೀತದೆ? ಅಗಿಯದಿದ್ರೆ ಎಂಜಲಿಲ್ಲ. ಮೆಷಿನಿನ ಜಾಲರಿ ಬದಲಾಯಿಸಿ, ಒಂದೂವರೆ ಎರಡು ಇಂಚಿನ ಎಳೆ ಎಳೆಯಾಗಿ ಬರ್ಬೇಕು, ಕೈಯಲ್ಲಿ ಹಿಡಿದು ಹಿಸುಕಿದ್ರೆ ಚುಚ್ಚಬೇಕು. ಬದಲಾಯಿಸಿದ ವಾರಕ್ಕೆ ಜರಡಿ ಹಿಡಿದು ಸೆಗಣಿ ತೊಳೆದು ನೋಡಿ. ಹಾಳೆಯಲ್ಲಿ ಪ್ರೊಟೀನ್ ತೀರಾ ಕಮ್ಮಿ, ಅದಕ್ಕೆ ಹಸಿ ಹುಲ್ಲು, ಹಿಂಡಿ ಜೊತೆಗೆ ಬೇಕು. ಮತ್ತೆ ಕೊಳೆರೋಗಕ್ಕೆ ಬೋರ್ಡೋ ಬಿಟ್ಟ ತೋಟದ ಹಾಳೆ ಆದ್ರೆ, ನೀಲಿ ಕಲೆ ಇದ್ದದ್ದನ್ನು ಬದಿಗಿಟ್ಟು ಉಳಿದದ್ದನ್ನು ತೊಳೆದೇ ಮೆಷಿನಿಗೆ ಹಾಕಿ, ಮೈಲುತುತ್ತು ಅದು.